ಒಡೆದ ಗಾಜಿನ ಚೂರುಚೂರೂ ಕಾಣುವ ‘ಪೊಲೀಸ್ ಸ್ಟೋರಿ’: ಬ್ಲೂ-ರೇ ಸೆಟ್ ಕುರಿತು ಹಳೆಯ ಬಳಕೆದಾರನ ಮಾತು

ಸಾಯಿಕುಮಾರ್ ಅವರ 1996ರ ಕನ್ನಡ ಚಿತ್ರದ ವಿಷಯವಲ್ಲ ಇದು. ಜಾಕಿ ಚಾನ್ 1985ರಲ್ಲಿ ಹಾಂಗ್ ಕಾಂಗ್‌ನಲ್ಲಿ ನಿರ್ದೇಶಿಸಿ, ನಟಿಸಿದ ‘ಪೊಲೀಸ್ ಸ್ಟೋರಿ’ಯ ವಿಷಯ. ಆ ಚಿತ್ರವನ್ನೂ 1988ರಲ್ಲಿ ಬಂದ ಅದರ ಎರಡನೆಯ ಭಾಗವನ್ನೂ ಸೇರಿಸಿ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 2019ರಲ್ಲಿ ಬ್ಲೂ-ರೇ (ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಡಿಸ್ಕ್) ಸೆಟ್ ಹೊರತಂದಿತು. ಅದು ಬಂದ ಕೆಲವೇ ತಿಂಗಳಲ್ಲಿ ಅಲ್ಲಿದ್ದ ನನ್ನ ಭಾವನವರ ಕೈಯಲ್ಲಿ ತರಿಸಿಕೊಂಡೆ. ಅಂದಿನಿಂದ ನಮ್ಮ ಮನೆಯಲ್ಲಿ ಅತಿ ಹೆಚ್ಚು ಓಡಿರುವ ಡಿಸ್ಕ್ ಇದೇ. ಹೊಸದರಲ್ಲಿ ಬರೆದಿದ್ದರೆ ಬರೀ ಹೊಗಳಿಕೆಯಾಗುತ್ತಿತ್ತು. ಈಗ ಯಾವುದು ಉಳಿಯುವಂಥದ್ದು, ಎಲ್ಲಿ ತೊಡಕು ಎಂಬುದು ಸ್ಪಷ್ಟವಾಗಿದೆ.

ಕೊಳ್ಳುವ ಮುನ್ನ ತಿಳಿಯಬೇಕಾದ ಮುಖ್ಯ ಸಂಗತಿ ವಲಯದ್ದು. ಬ್ಲೂ-ರೇ ಡಿಸ್ಕ್‌ಗಳನ್ನು ಎ, ಬಿ, ಸಿ ಎಂದು ಮೂರು ವಲಯಗಳಾಗಿ ಹಂಚಿದ್ದಾರೆ. ಅಮೆರಿಕ ಎ ವಲಯದಲ್ಲಿದೆ, ಭಾರತ ಸಿ ವಲಯದಲ್ಲಿದೆ. ಈ ಸೆಟ್ ಎ ವಲಯಕ್ಕೆ ಬೀಗ ಹಾಕಿದ್ದು; ಭಾರತದಲ್ಲಿ ಕೊಂಡ ಸಾಮಾನ್ಯ ಪ್ಲೇಯರ್‌ಗೆ ಹಾಕಿದರೆ ಓಡುವುದಿಲ್ಲ. ಎಲ್ಲ ವಲಯಗಳ ಡಿಸ್ಕ್ ಓಡಿಸುವ ಪ್ಲೇಯರ್ ಇದ್ದರೆ ಮಾತ್ರ ಹಣ ಹಾಕಿ. ಇನ್ನೊಂದು ವಿಷಯ: ಹಳೆಯ ಫಿಲ್ಮಿನ ಮರುಸಂಸ್ಕರಣೆ ನಡೆದಿರುವುದು 4ಕೆ ಎಂಬ ಅತಿ ಸೂಕ್ಷ್ಮ ಸ್ಪಷ್ಟತೆಯಲ್ಲಿ, ಆದರೆ ಡಿಸ್ಕ್ ಅದಕ್ಕಿಂತ ಕಡಿಮೆ ಸ್ಪಷ್ಟತೆಯ ಮಾಮೂಲಿ ಬ್ಲೂ-ರೇ. ‘4ಕೆ’ ಎಂಬ ಪದವನ್ನಷ್ಟೇ ಓದಿ ಕೊಂಡವರಿಗೆ ಬೇಸರವಾಗಬಹುದು. ನನ್ನ ಟಿ.ವಿ.ಯಲ್ಲಂತೂ ಇದರಿಂದ ಕೊರತೆ ಎನಿಸಿಲ್ಲ.

ಇನ್ನು ಚಿತ್ರಕ್ಕೆ ಬರುತ್ತೇನೆ. ನನ್ನ ತಲೆಮಾರಿನವರು ಜಾಕಿ ಚಾನ್‌ನನ್ನು ಮೊದಲು ಕಂಡದ್ದು ಬಾಡಿಗೆ ವಿಡಿಯೊ ಕ್ಯಾಸೆಟ್‌ನಲ್ಲಿ, ಆಮೇಲೆ ಕೇಬಲ್ ಟಿ.ವಿ.ಯಲ್ಲಿ. ಅಗಲ ಪರದೆಗೆಂದು ತೆಗೆದ ಚಿತ್ರವನ್ನು ಹಳೆಯ ಟಿ.ವಿ.ಯ ಚೌಕಕ್ಕೆ ಹೊಂದಿಸಲು ಎರಡೂ ಬದಿ ಕತ್ತರಿಸಿಬಿಡುತ್ತಿದ್ದರು. ಮಾತೇ ಪ್ರಧಾನವಾದ ಚಿತ್ರವಾದರೆ ಅದನ್ನು ಹೇಗೋ ಸಹಿಸಬಹುದು. ಈ ಚಿತ್ರಕ್ಕೆ ಅದು ಪ್ರಾಣಘಾತಕ. ಏಕೆಂದರೆ ಇಲ್ಲಿ ನಗು ಹುಟ್ಟುವುದೇ ಅಂತರದಿಂದ. ಒದೆಯುವವನು ಚೌಕಟ್ಟಿನ ಈ ತುದಿಯಲ್ಲಿ, ಒದೆ ತಿಂದು ಮೇಜಿನ ಮೇಲಿಂದ ಜಾರಿ ಹೋಗುವವನು ಆ ತುದಿಯಲ್ಲಿ. ಇಬ್ಬರೂ ತಲೆಯಿಂದ ಕಾಲಿನವರೆಗೆ ಒಟ್ಟಿಗೆ ಕಾಣಬೇಕು. ಮರುಸಂಸ್ಕರಿಸಿದ ಪ್ರತಿಯಲ್ಲಿ ಪೂರ್ತಿ ಚೌಕಟ್ಟು ಮರಳಿ ಬಂದಿದೆ. ಈ ಡಿಸ್ಕಿನಿಂದ ನನಗಾದ ಅತಿ ದೊಡ್ಡ ಲಾಭ ಇದು. ಬಣ್ಣ, ಹೊಳಪು ಎಲ್ಲ ಆಮೇಲಿನ ಮಾತು.

ಕೊನೆಯ ಅಂಗಡಿ ಸಂಕೀರ್ಣದ ಹೊಡೆದಾಟವನ್ನೇ ನೋಡಿ. ಚಿಮ್ ಷಾ ಚುಯ್ ಪ್ರದೇಶದ ವಿಂಗ್ ಆನ್ ಮಳಿಗೆಯಲ್ಲಿ, ವ್ಯಾಪಾರ ಮುಗಿದ ಮೇಲೆ ರಾತ್ರಿ ಹೊತ್ತು ಇದನ್ನು ಚಿತ್ರಿಸಿದರು. ಒಡೆದದ್ದು ಸಿನಿಮಾಕ್ಕೆಂದೇ ಮಾಡಿದ ಗಾಜು. ಆದರೆ ವಾಡಿಕೆಗಿಂತ ದಪ್ಪ. ಸಾಹಸ ತಂಡದವರು ಚಿತ್ರಕ್ಕೆ ‘ಗ್ಲಾಸ್ ಸ್ಟೋರಿ’ ಎಂದು ಅಡ್ಡಹೆಸರು ಇಟ್ಟಿದ್ದರಂತೆ. ಕ್ಯಾಸೆಟ್‌ನಲ್ಲಿ ಆ ಗಾಜು ಬರೀ ಬಿಳಿ ಮಸುಕಾಗಿ ಹಾರುತ್ತಿತ್ತು. ಇಲ್ಲಿ ಚೂರುಗಳು ಕೋಟಿನ ಮಡಿಕೆಯಲ್ಲಿ ಸಿಕ್ಕಿಕೊಳ್ಳುವುದು, ಬಿದ್ದವನು ಏಳುವಾಗ ಅಂಗೈ ಊರಲು ಜಾಗ ಹುಡುಕುವುದು ಕಾಣುತ್ತದೆ. ಮೇಲ್ಮಹಡಿಯಿಂದ ಜಾಕಿ ಚಾನ್ ಕಂಬಕ್ಕೆ ಹಾರಿ, ಸರಮಾಲೆ ದೀಪಗಳನ್ನು ಸಿಡಿಸುತ್ತ ನೆಲದವರೆಗೆ ಜಾರುವ ದೃಶ್ಯವನ್ನು ಬೇರೆ ಬೇರೆ ಕೋನಗಳಿಂದ ಮತ್ತೆ ಮತ್ತೆ ತೋರಿಸುತ್ತಾರೆ. ಆ ದೀಪಗಳಿಗೆ ಬ್ಯಾಟರಿಯ ಬದಲು ಗೋಡೆಯ ವಿದ್ಯುತ್ತನ್ನೇ ಕೊಟ್ಟಿದ್ದರು. ಅವರ ಕೈ ಸುಟ್ಟಿತು, ಬೆನ್ನಿಗೂ ಪೆಟ್ಟಾಯಿತು. ಇದನ್ನು ಎಷ್ಟೋ ಕಡೆ ಓದಿದ್ದೆ. ಆದರೆ ಜಿಗಿಯುವ ಮುನ್ನ ಆ ಮುಖದ ಸ್ನಾಯು ಬಿಗಿಯುವುದನ್ನು ಈ ಪ್ರತಿಯಲ್ಲೇ ಮೊದಲು ಕಂಡದ್ದು. ಭಯ ನಿಜ, ಜಿಗಿತವೂ ನಿಜ. ಕಂಪ್ಯೂಟರ್‌ನಲ್ಲಿ ಗೀಚಿದ ಸಾಹಸಗಳನ್ನು ನೋಡಿ ಬೆಳೆದ ನನ್ನ ಮಗ ಇಲ್ಲಿ ರಿಮೋಟ್ ಕಿತ್ತುಕೊಂಡು ಹಿಂದಕ್ಕೆ ಓಡಿಸಿ ನೋಡಿದ.

ಬಸ್ಸಿನ ದೃಶ್ಯದ್ದೂ ಇದೇ ಕಥೆ. ಓಡುವ ಡಬಲ್ ಡೆಕರ್‌ಗೆ ಕೊಡೆಯ ಹಿಡಿ ಸಿಕ್ಕಿಸಿ ನೇತಾಡುವುದು ಎಲ್ಲರಿಗೂ ನೆನಪಿರುತ್ತದೆ. ಬಸ್ ಗಕ್ಕನೆ ನಿಂತಾಗ ಮೇಲಂತಸ್ತಿನ ಕಿಟಕಿ ಒಡೆದುಕೊಂಡು ಹೊರಬೀಳುವ ಸಾಹಸಿಗರು ಕೆಳಗೆ ನಿಲ್ಲಿಸಿದ ಕಾರಿನ ಮೇಲೆ ಬೀಳಬೇಕಿತ್ತು. ಲೆಕ್ಕ ತಪ್ಪಿ ರಸ್ತೆಗೇ ಬಿದ್ದರು. ಅದೇ ಶಾಟ್ ಚಿತ್ರದಲ್ಲಿ ಉಳಿದಿದೆ. ಚಿತ್ರ ನಿಚ್ಚಳವಾಗಿರುವುದರಿಂದ ಅದನ್ನು ನೋಡುವುದೇ ಕಷ್ಟ. ಪ್ರತಿಸಲವೂ ಹಲ್ಲು ಕಚ್ಚಿಕೊಂಡೇ ನೋಡುತ್ತೇನೆ.

ಹೊಡೆದಾಟ ಮಾತ್ರ ನೋಡಿ ಡಿಸ್ಕ್ ತೆಗೆದಿಡಬೇಡಿ. ನ್ಯಾಯಾಲಯದಲ್ಲಿ ಸೋತ ನಾಯಕ, ಜಾಕಿ ಚಾನ್ ಪಾತ್ರದ ಇನ್‌ಸ್ಪೆಕ್ಟರ್‌ನನ್ನು ಮೂಲೆಯ ಠಾಣೆಯೊಂದಕ್ಕೆ ಎತ್ತಂಗಡಿ ಮಾಡುತ್ತಾರೆ. ಅಲ್ಲಿ ಅವನೊಬ್ಬನೇ, ಮೇಜುಗಳ ಮೇಲಿನ ಫೋನುಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳುತ್ತವೆ. ಇದರ ಉತ್ತರ ಅದಕ್ಕೆ, ಅದರ ಸಮಾಧಾನ ಇದಕ್ಕೆ, ತಂತಿಯೆಲ್ಲ ಕೊರಳಿಗೆ. ಕಟ್ ಇಲ್ಲದೆ ಎಳೆದಷ್ಟೂ ಎಳೆಯುವ ಶಾಟ್. ನಮ್ಮಮ್ಮನಿಗೆ ಇಂಗ್ಲಿಷ್ ಅಡಿಬರಹ ಓದಲು ಬಾರದು, ಚಿತ್ರದ ಮೂಲ ಭಾಷೆ ಕ್ಯಾಂಟೊನೀಸ್ ಅಂತೂ ದೂರವೇ ಉಳಿಯಿತು. ಆ ದೃಶ್ಯಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅದೇ ದೇಹ, ಅದೇ ಲಯ. ಹೊಡೆತದ ಬದಲು ಫೋನು, ಅಷ್ಟೇ.

ಆ ಲಯ ಎಲ್ಲಿಂದ ಬಂತು ಎಂಬುದಕ್ಕೆ ಸೆಟ್‌ನಲ್ಲೇ ಉತ್ತರವಿದೆ. ಹೆಚ್ಚುವರಿ ಸಾಮಗ್ರಿಗಳಲ್ಲಿ ಬೀಜಿಂಗ್ ಒಪೇರಾ (ಹಾಡು, ಅಭಿನಯ, ಕಸರತ್ತು ಬೆರೆತ ಚೀನೀ ರಂಗಕಲೆ) ತರಬೇತಿಯ ಕಠಿಣ ಶಿಸ್ತನ್ನು ತೋರಿಸುವ 1964ರ ಟಿ.ವಿ. ಕಾರ್ಯಕ್ರಮವೊಂದನ್ನು ಸೇರಿಸಿದ್ದಾರೆ. ಜಾಕಿ ಚಾನ್ ಮತ್ತು ಅವರಂತೆಯೇ ಸಾಹಸ ಚಿತ್ರಗಳ ತಾರೆಯರಾದ ಸಾಮೊ ಹಂಗ್, ಯೂಯೆನ್ ಬಿಯಾವ್ ಮೂವರೂ ಹಾಂಗ್ ಕಾಂಗ್‌ನಲ್ಲಿ ಇಂಥದೇ ಶಾಲೆಯಲ್ಲಿ, ಯು ಜಿಮ್-ಯೂಯೆನ್ ಎಂಬ ಗುರುವಿನ ಕೈಕೆಳಗೆ ಬೆಳೆದವರು. ಯಕ್ಷಗಾನದಲ್ಲಿ ಚೆಂಡೆಯ ಪೆಟ್ಟಿಗೂ ವೇಷದ ಹೆಜ್ಜೆಗೂ ಇರುವ ನಂಟನ್ನು ಬಲ್ಲವರಿಗೆ ಈ ಹೊಡೆದಾಟಗಳಲ್ಲಿ ಏಟು, ತಡೆ, ನಿಲುವು, ಮತ್ತೆ ಏಟು ಎಂಬ ತಾಳ ತಕ್ಷಣ ಹಿಡಿಯುತ್ತದೆ. ಉಳಿದ ಸಂದರ್ಶನಗಳೂ ಚೆನ್ನಾಗಿವೆ, ಆದರೆ ಒಮ್ಮೆ ನೋಡಿದರೆ ಸಾಕು. ಈ ಕಾರ್ಯಕ್ರಮವನ್ನು ಮಾತ್ರ ಬಂದವರಿಗೆಲ್ಲ ತೋರಿಸುತ್ತಿರುತ್ತೇನೆ.

ಹೊಂದಾಣಿಕೆಯ ವಿಷಯದಲ್ಲಿ ಎರಡು ಸಲಹೆ. ಧ್ವನಿಗೆ ಕ್ಯಾಂಟೊನೀಸ್ ಮೊನೊವನ್ನೇ (ಒಂದೇ ವಾಹಿನಿಯ ಧ್ವನಿ) ಆಯ್ದುಕೊಳ್ಳಿ. ಸುತ್ತಲಿನ ಹಲವು ಸ್ಪೀಕರ್‌ಗಳಿಗೆ ಹಂಚಿದ 5.1 ಧ್ವನಿಯೂ ಇದೆ; ಸ್ಪೀಕರ್‌ಗಳಿಗೆ ಹಣ ಹಾಕಿದವರಿಗೆ ಅದರ ಮೇಲೆ ಆಸೆಯಾಗುವುದು ಸಹಜ. ಆದರೆ ಏಟಿನ ಸದ್ದು ಮೊನೊದಲ್ಲಿ ಮೈಗೆ ತಾಗಿದ ಹಾಗೆ ಅದರಲ್ಲಿ ತಾಗುವುದಿಲ್ಲ. ಎರಡನೆಯದು, ಟಿ.ವಿ.ಯಲ್ಲಿ ಚಲನೆಯನ್ನು ನುಣುಪು ಮಾಡುವ ಸೌಲಭ್ಯವನ್ನು ಕಡ್ಡಾಯವಾಗಿ ಆಫ್ ಮಾಡಿಬಿಡಿ. ಆ ಕಾಲದ ಹಾಂಗ್ ಕಾಂಗ್ ಹೊಡೆದಾಟಗಳಲ್ಲಿ ಕ್ಯಾಮೆರಾವನ್ನು ತುಸು ನಿಧಾನವಾಗಿ ಓಡಿಸಿ ಚಿತ್ರಿಸಿ, ಪರದೆಯ ಮೇಲೆ ವೇಗ ಹೆಚ್ಚಿಸುವ ರೂಢಿಯಿತ್ತು. ನುಣುಪು ಮಾಡಿದರೆ ಆ ಚುರುಕು ಸತ್ತು ಎಲ್ಲರೂ ತೇಲಾಡುತ್ತಾರೆ. ಫಿಲ್ಮಿನ ಸಹಜ ಕಣಗಳನ್ನು ಒರೆಸಿ ಮುಖಗಳನ್ನು ಮೇಣದ ಬೊಂಬೆ ಮಾಡಿಲ್ಲ ಎಂಬುದು ನನಗೆ ತುಂಬ ಹಿಡಿಸಿತು. ರಾತ್ರಿಯ ದೃಶ್ಯಗಳಲ್ಲಿ ಕಣ ಎದ್ದು ಕಾಣುತ್ತದೆ, ಅದು ದೋಷವಲ್ಲ.

ಚಿತ್ರದಲ್ಲೇ ನನಗೆ ಸರಿಕಾಣದ್ದೂ ಇದೆ. ನಾಯಕನ ಪ್ರೇಯಸಿಯಾದ ಮೇ ಪಾತ್ರವನ್ನು, ಅಂದರೆ ಮ್ಯಾಗಿ ಚೆಯುಂಗ್ ಅವರ ಪಾತ್ರವನ್ನು, ಮುನಿಸು, ಅಳು, ಅಪಹಾಸ್ಯಕ್ಕಷ್ಟೇ ಬಳಸಿದ್ದಾರೆ. ಹೆಣ್ಣಿನ ಮೇಲಿನ ಹಿಂಸೆಯನ್ನು ತಮಾಷೆ ಮಾಡುವ ಸಂಭಾಷಣೆಗಳು ಈಗ ಕಿವಿಗೆ ಚುಚ್ಚುತ್ತವೆ. ಅಂಥ ಕಲಾವಿದೆಗೆ ಇದು ಸಾಲದು. ಅದೇ ಮ್ಯಾಗಿ ಎರಡನೆಯ ಭಾಗದ ಚಿತ್ರೀಕರಣದಲ್ಲಿ ಸಾಹಸ ಮಾಡುವಾಗ ತಲೆಗೆ ಗಾಯ ಮಾಡಿಕೊಂಡವರು. ಇನ್ನೊಬ್ಬ ನಟಿ ಬ್ರಿಗಿಟ್ ಲಿನ್ ಅವರಿಗೆ ಮೊದಲ ಭಾಗದಲ್ಲಿ ಮ್ಯಾಗಿಗಿಂತ ಒಳ್ಳೆಯ ಅವಕಾಶ ಸಿಕ್ಕಿದೆ.

ಎರಡನೆಯ ಭಾಗ ಮೊದಲಿನದಕ್ಕೆ ಸಮವಲ್ಲ, ನಡುವೆ ಜಗ್ಗುತ್ತದೆ. ಆದರೂ ಆಟದ ಮೈದಾನದ ಹೊಡೆದಾಟಕ್ಕೆ, ಕೊನೆಯಲ್ಲಿ ಖಳನಾಗಿ ಬರುವ ಬೆನ್ನಿ ಲಾಯ್ ಅವರ ಮಿಂಚಿನಂಥ ಒದೆತಗಳಿಗೆ ನೋಡಲೇಬೇಕು. ಸೆಟ್‌ನಲ್ಲಿ ಅದರ ಹಾಂಗ್ ಕಾಂಗ್ ಬಿಡುಗಡೆಯ ಆವೃತ್ತಿಯೂ ಬೇರೆಯಾಗಿದೆ, 4ಕೆಗಿಂತ ಕಡಿಮೆ ಸ್ಪಷ್ಟತೆಯ 2ಕೆ ಸಂಸ್ಕರಣೆಯಲ್ಲಿ. ಚಿತ್ರದ ಹೊಳಪು ಸ್ವಲ್ಪ ಕಡಿಮೆ ಎನಿಸಿದರೂ ನಾನು ಈಗ ಹಾಕುವುದು ಅದನ್ನೇ, ಓಟ ಬಿಗಿಯಾಗಿದೆ. ಎರಡನೆಯ ಭಾಗವನ್ನು ಮೊದಲ ಸಲ ನೋಡುವವರು ಆ ಆವೃತ್ತಿಯಿಂದಲೇ ಶುರುಮಾಡಲಿ.