ಜಾಲರಿ, ಹತ್ತಿ, ಬಟ್ಟೆ: ಮಷೀನ್ ತುಳಿಯುವವಳ ಪ್ಯಾಡ್ ಹೋಲಿಕೆ

ಜಾಹೀರಾತಿನಲ್ಲಿ ನೀಲಿ ನೀರು ಸುರಿದು ಪ್ಯಾಡ್ ಎಷ್ಟು ಹೀರುತ್ತದೆ ಎಂದು ತೋರಿಸುತ್ತಾರೆ. ಆದರೆ ಬಟ್ಟೆಗೆ ಕಲೆಯಾದ ದಿನ ಪ್ಯಾಡ್ ತೆಗೆದು ನೋಡಿ. ನಡುವೆ ಅಂಗೈಯಷ್ಟು ಜಾಗ ಮಾತ್ರ ಒದ್ದೆಯಾಗಿರುತ್ತದೆ, ಎರಡೂ ತುದಿ ಬೆಳ್ಳಗೆ ಒಣಗಿಕೊಂಡೇ ಇರುತ್ತವೆ. ಹೀರುವ ತಾಕತ್ತು ಇನ್ನೂ ಬೇಕಾದಷ್ಟಿತ್ತು, ರಕ್ತ ಅಲ್ಲಿಗೆ ಹೋಗುವ ಮುಂಚೆ ಪಕ್ಕದಿಂದ ಜಾರಿತು, ಅಷ್ಟೇ. ಹಾಗಾಗಿ ನಾನು "ಎಷ್ಟು ಹೀರುತ್ತೆ" ಅನ್ನುವುದನ್ನು ಬದಿಗಿಟ್ಟು ಬೇರೆ ಮೂರು ವಿಷಯ ನೋಡಿದೆ. ಬಿದ್ದದ್ದನ್ನು ಎಷ್ಟು ಬೇಗ ಒಳಗೆ ಎಳೆದುಕೊಳ್ಳುತ್ತದೆ? ಕೂತು ಎದ್ದು ಮಾಡಿದರೆ ಜಾಗದಲ್ಲೇ ಇರುತ್ತದೆಯೇ? ಸಂಜೆಯ ಹೊತ್ತಿಗೆ ತೊಡೆಸಂದು ಉರಿಯುತ್ತದೆಯೇ?

ನನ್ನದು ತೀರ್ಥಹಳ್ಳಿಯಲ್ಲಿ ಟೈಲರಿಂಗ್ ಅಂಗಡಿ. ದಿನವಿಡೀ ಕೂತು ಕಾಲಲ್ಲಿ ಮಷೀನ್ ತುಳಿಯುವವರಿಗೆ ಪ್ಯಾಡ್ ಎರಡೂ ಬದಿಯಿಂದ ಒತ್ತಿಕೊಂಡು ನಡುವೆ ಮುದುಡುತ್ತದೆ. ಎರಡೂವರೆ ಇಂಚು ಅಗಲ ಇದ್ದದ್ದು ಮಧ್ಯಾಹ್ನದ ಹೊತ್ತಿಗೆ ಒಂದೂಕಾಲು ಇಂಚಾಗಿರುತ್ತದೆ. ನಿಂತು ಕೆಲಸ ಮಾಡುವವರ ಅನುಭವ ಬೇರೆ ಇರಬಹುದು. ಕಂಪನಿ ಹೆಸರು ಹೇಳುವುದಿಲ್ಲ. ಒಂದೇ ಕಂಪನಿ ಎಲ್ಲ ಬಗೆಯನ್ನೂ ಮಾಡುತ್ತದೆ, ನಾವು ನೋಡಬೇಕಾದ್ದು ಬಗೆಯನ್ನು.

ಅಂಗಡಿ ಪ್ಯಾಡುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೇಲ್ಭಾಗ ಜಾಲರಿ ಇರುವುದು, ಮೇಲ್ಭಾಗ ಹತ್ತಿಯಂತೆ ಮೆತ್ತಗಿರುವುದು. ಎರಡನ್ನೂ ಕತ್ತರಿಯಲ್ಲಿ ಉದ್ದಕ್ಕೆ ಸೀಳಿ ಟೇಬಲ್ ಮೇಲಿಟ್ಟೆ. ಜಾಲರಿ ಅಂದರೆ ಸಣ್ಣ ಸಣ್ಣ ತೂತು ಹೊಡೆದ ಪಾಲಿಥೀನ್ ಹಾಳೆ. ಆ ತೂತುಗಳು ಕೆಳಕ್ಕೆ ಹೋಗುತ್ತಾ ಕಿರಿದಾಗುತ್ತವೆ, ಅದಕ್ಕೇ ಒಳಗೆ ಇಳಿದದ್ದು ಸುಲಭಕ್ಕೆ ಮೇಲೆ ಬರುವುದಿಲ್ಲ. ಇನ್ನೊಂದರ ಮೇಲ್ಪದರ ಹತ್ತಿಯಂತೆ ಕಂಡರೂ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ನೂಲನ್ನು ನೇಯದೆ ಒತ್ತಿ ಮಾಡಿದ ಹಾಳೆ. ಪ್ಯಾಕೆಟ್ಟಿನ ಮೇಲೆ ಹತ್ತಿ ಹೂವಿನ ಚಿತ್ರವಿದ್ದರೆ ಒಳಗೂ ಹತ್ತಿ ಇದೆ ಅಂದುಕೊಳ್ಳಬೇಡಿ. ಅದರ ಕೆಳಗೆ ರಕ್ತವನ್ನು ಉದ್ದಕ್ಕೆ ಹರಡುವ ಒಂದು ತೆಳು ಪದರ, ಅದರ ಕೆಳಗೆ ಮರದ ತಿರುಳು, ತಿರುಳಿನ ನಡುವೆ ಉಪ್ಪಿನ ಹರಳಿನಂಥ ಸೋಡಿಯಂ ಪಾಲಿಅಕ್ರಿಲೇಟ್, ತಳದಲ್ಲಿ ಪ್ಲಾಸ್ಟಿಕ್. ಆ ಹರಳುಗಳ ಮೇಲೆ ಒಂದು ಚಮಚ ನೀರು ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ನೆನೆದ ಸಬ್ಬಕ್ಕಿಯಂತೆ ಉಬ್ಬಿ ನಿಲ್ಲುತ್ತವೆ. ನೀರಿಗೆ ಉಪ್ಪು ಹಾಕಿ ಸುರಿದರೆ ಅಷ್ಟು ಉಬ್ಬುವುದಿಲ್ಲ. ರಕ್ತದಲ್ಲೂ ಉಪ್ಪಿದೆ, ನೀಲಿ ನೀರಿನ ಜಾಹೀರಾತನ್ನು ನಂಬದಿರುವುದಕ್ಕೆ ಇದೊಂದೇ ಕಾರಣ ಸಾಕು.

ಹಾಗಾಗಿ ಅಕ್ಕಿ ಗಂಜಿಯ ತಿಳಿಗೆ ಉಪ್ಪು ಬೆರೆಸಿ, ಕುಂಕುಮ ಕಲಸಿ ಸುರಿದೆ. ಜಾಲರಿಯದು ತಕ್ಷಣ ಒಳಗೆಳೆದುಕೊಂಡಿತು, ಮೇಲೆ ಟಿಶ್ಯೂ ಒತ್ತಿದರೆ ಹೆಚ್ಚುಕಮ್ಮಿ ಒಣಗೇ ಬಂತು. ಮೆತ್ತಗಿನದರ ಮೇಲೆ ಗಂಜಿ ಒಂದು ಕ್ಷಣ ನಿಂತು, ಸುತ್ತ ಹರಡಿ, ಆಮೇಲೆ ಇಳಿಯಿತು. ಟಿಶ್ಯೂಗೂ ಕೆಂಪು ಹತ್ತಿತು. ಇಷ್ಟಕ್ಕೇ ತೀರ್ಪು ಕೊಡುವುದಾದರೆ ಜಾಲರಿಯೇ ಗೆದ್ದಿತು. ಆದರೆ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಹಾಕಿಕೊಂಡು ಮಷೀನ್ ಮುಂದೆ ಕೂತರೆ ಮೂರು ಗಂಟೆಗೆಲ್ಲ ಬೆವರೂ ಪ್ಲಾಸ್ಟಿಕ್ಕೂ ಸೇರಿ ಚರ್ಮ ಕೆಂಪಾಗಿ, ಮರುದಿನ ನಡೆಯುವಾಗಲೂ ಚುರುಚುರು ಅನ್ನುತ್ತದೆ. ಮೆತ್ತಗಿನದು ಉರಿಸುವುದಿಲ್ಲ, ಆದರೆ ಒಂಥರಾ ತೇವ ತೇವ ಅನಿಸುತ್ತಲೇ ಇರುತ್ತದೆ. ಹೆಚ್ಚು ಹೋಗುವ ಮೊದಲೆರಡು ದಿನ ಜಾಲರಿ, ಆಮೇಲೆ ಮೆತ್ತಗಿನದು ಎಂದು ಹಂಚಿಕೊಂಡರೆ ಎರಡರ ಕಾಟವೂ ಅರ್ಧವಾಗುತ್ತದೆ.

ದಪ್ಪನೆಯದೋ ತೆಳುವೋ ಅನ್ನುವುದಕ್ಕೆ ಅನುಮಾನವಿಲ್ಲದೆ ತೆಳು ಅನ್ನುತ್ತೇನೆ. ದಪ್ಪ ಪ್ಯಾಡಿನ ತಿರುಳು ಒದ್ದೆಯಾದ ಮೇಲೆ ತುಂಡು ತುಂಡಾಗಿ ನಡುವೆ ಗುಪ್ಪೆಯಾಗುತ್ತದೆ, ಅದರ ಎರಡೂ ಪಕ್ಕ ಸೋರುವುದಕ್ಕೆ ದಾರಿಯಾಗುತ್ತದೆ. ತೆಳುವಿನದು ಆಕಾರ ಬಿಡುವುದಿಲ್ಲ. ಅದರದ್ದೂ ಒಂದು ದೋಷವಿದೆ. ಕೂತಿದ್ದವರು ಎದ್ದಾಗ ಒಮ್ಮೆಲೇ ಹೋಗುತ್ತದಲ್ಲ, ಅದು ಎರಡನೇ ಸಲ ಅದೇ ಜಾಗಕ್ಕೆ ಬಿದ್ದರೆ ಮೊದಲೇ ಉಬ್ಬಿದ ಹರಳುಗಳು ದಾರಿ ಕಟ್ಟಿಬಿಡುತ್ತವೆ. ಆಗ ರೆಕ್ಕೆಗಳೇ ಕಾಪಾಡಬೇಕು. ರೆಕ್ಕೆ ಇಲ್ಲದ್ದನ್ನು ಮಷೀನ್ ತುಳಿಯುವವರು ಕೊಳ್ಳಲೇಬೇಡಿ.

ಪ್ಯಾಡಿಗೆಂದೇ ಇರುವ ಭಾರತೀಯ ಮಾನಕ ಐಎಸ್ 5405ರ 1980ರ ಆವೃತ್ತಿಯ ಪರೀಕ್ಷೆ ಹೀಗಿತ್ತು: ಬಣ್ಣದ ನೀರನ್ನೋ, ಹೆಪ್ಪುಗಟ್ಟದಂತೆ ಮಾಡಿದ ಕುರಿ ಅಥವಾ ಆಡಿನ ರಕ್ತವನ್ನೋ ನಿಮಿಷಕ್ಕೆ 15 ಮಿ.ಲೀ. ವೇಗದಲ್ಲಿ ಒಟ್ಟು 30 ಮಿ.ಲೀ. ಬಿಡಬೇಕು, ಮೇಲೆ 1 ಕೆ.ಜಿ. ತೂಕವನ್ನು ಒಂದು ನಿಮಿಷ ಇಟ್ಟಾಗ ತಳದಿಂದಲೂ ಪಕ್ಕದಿಂದಲೂ ಸೋರಬಾರದು. ಪರೀಕ್ಷೆ ಒಳ್ಳೆಯದೇ. ಆದರೆ ಆ ತೂಕ ಟೇಬಲ್ ಮೇಲೆ ನೇರ ಕೂತಿರುತ್ತದೆ, ನಮ್ಮ ತೊಡೆ ಪಕ್ಕದಿಂದ ಅದುಮುತ್ತದೆ. ಇನ್ನು ಈ ಉತ್ಪನ್ನಗಳು ಎಷ್ಟು ಹಿಡಿಯುತ್ತವೆ ಎಂದು ಮನುಷ್ಯರ ರಕ್ತದಲ್ಲೇ ಅಳೆದು ಹೋಲಿಸಿದ ಮೊದಲ ಅಧ್ಯಯನ ಅಮೆರಿಕದ ಒರೆಗಾನ್‌ನಿಂದ ಬಂದದ್ದು 2023ರಲ್ಲಿ! ಅದರಲ್ಲಿ ಪ್ಯಾಡ್ ಇಲ್ಲದೆ ತಾನೇ ಹೀರುವ ಪೀರಿಯಡ್ ಪ್ಯಾಂಟಿ ಎಲ್ಲಕ್ಕಿಂತ ಕಡಿಮೆ, ಬರೀ 2 ಮಿ.ಲೀ. ಆಸುಪಾಸು ಹಿಡಿದಿತ್ತು. ನನಗೂ ಆ ಪ್ಯಾಂಟಿ ಕೊನೆಯ ದಿನಕ್ಕೆ ಮಾತ್ರ ಸರಿ ಅನಿಸಿತು. ಆರಾಮಕ್ಕೆ ಮಾತ್ರ ಅದನ್ನು ಮೀರಿಸುವುದು ಯಾವುದೂ ಇಲ್ಲ.

ಈಗ ಬಟ್ಟೆ ಪ್ಯಾಡ್. ಇಲ್ಲಿ ಹೊಲಿಗೆ ಗೊತ್ತಿದ್ದವರಿಗೆ ಹೇಳಲು ಬಹಳ ಇದೆ. ಆನ್‌ಲೈನ್‌ನಲ್ಲಿ ತರಿಸಿದ ಒಂದರ ನಡುವೆ ಚಂದಕ್ಕೆ ಅಂತ ಎಲೆಯ ಆಕಾರದಲ್ಲಿ ಹೊಲಿಗೆ ಹಾಕಿದ್ದರು. ಸೂಜಿ ತಳದವರೆಗೂ ಇಳಿದಿತ್ತು. ತಳದಲ್ಲಿರುವುದು ಪಿಯುಎಲ್ ಬಟ್ಟೆ, ಅಂದರೆ ಪಾಲಿಯೆಸ್ಟರ್‌ಗೆ ನೀರು ಬಿಡದ ತೆಳು ಪದರ ಅಂಟಿಸಿದ್ದು, ಮಕ್ಕಳ ಬಟ್ಟೆ ಡೈಪರ್‌ಗೆ ಬಳಸುವುದೂ ಅದನ್ನೇ. ಅದಕ್ಕೆ ಸೂಜಿ ಚುಚ್ಚಿದ ಕಡೆಯೆಲ್ಲ ಒಂದೊಂದು ತೂತು. ಪ್ಯಾಂಟಿಯ ಮೇಲೆ ಅದೇ ಎಲೆಯ ಚುಕ್ಕಿಗಳು ಮೂಡಿದ್ದವು. ನಡುವಿನ ಹೊಲಿಗೆ ಮೇಲಿನ ಪದರಗಳಿಗೆ ಮಾತ್ರ ಸೀಮಿತವಾಗಬೇಕು, ಪಿಯುಎಲ್ ಅಂಚಿನಲ್ಲಷ್ಟೇ ಸೇರಬೇಕು. ದಾರವೂ ಪಾಲಿಯೆಸ್ಟರ್ ಆಗಿರಲಿ. ಹತ್ತಿ ದಾರ ಬತ್ತಿಯ ಕೆಲಸ ಮಾಡಿ ರಕ್ತವನ್ನು ಅಂಚಿನವರೆಗೆ ಎಳೆಯುತ್ತದೆ.

ಫ್ಲಾನೆಲ್ ಮೇಲ್ಪದರದ ಬಟ್ಟೆ ಪ್ಯಾಡ್ ಚರ್ಮಕ್ಕೆ ಅಂಗಡಿಯ ಎರಡೂ ಬಗೆಗಿಂತ ಹಿತ, ತೊಡೆಸಂದು ಉರಿಯುವ ಮಾತೇ ಇಲ್ಲ. ಕಷ್ಟ ಇರುವುದು ಒಣಗಿಸುವುದರಲ್ಲಿ. ಆಷಾಢದ ಮಳೆಯಲ್ಲಿ ನಮ್ಮ ಕಡೆ ಕರ್ಚೀಫೇ ಒಣಗುವುದಿಲ್ಲ, ಐದಾರು ಪದರ ಸೇರಿಸಿ ಹೊಲಿದ ಪ್ಯಾಡ್ ಎಲ್ಲಿ ಒಣಗೀತು? ಒಳಗಡೆ ತೇವ ಉಳಿದು ಮುಗ್ಗಲು ವಾಸನೆ ಬರುತ್ತದೆ, ಅದನ್ನೇ ಹಾಕಿಕೊಂಡರೆ ಸೋಂಕಿಗೆ ದಾರಿ. ಅಮ್ಮನ ಹತ್ತಿರ ಹೇಳಿದಾಗ ನಕ್ಕರು. "ನಾವು ಹಳೇ ಸೀರೆ ಮಡಚಿ ಇಟ್ಕೊಳ್ತಿದ್ವಲ್ಲ, ಬಿಡಿಸಿ ಬಚ್ಚಲೊಲೆ ಹತ್ರ ಹಾಕಿದ್ರೆ ರಾತ್ರಿ ಕಳೆಯೋದ್ರೊಳಗೆ ಒಣಗ್ತಿತ್ತು. ನೀವು ಅದನ್ನ ಹೊಲ್ದು ಹಾಕಿ ಕೆಡಿಸಿದ್ರಿ." ಸೀರೆ ಬಟ್ಟೆ ಜಾರುತ್ತಿತ್ತು, ಸೋರುತ್ತಿತ್ತು, ಅದನ್ನು ಅವರೂ ಒಪ್ಪುತ್ತಾರೆ. ಆದರೆ ಒಣಗುವ ವಿಷಯದಲ್ಲಿ ಅವರ ಮಾತೇ ಸರಿ.

ಹಾಗಾಗಿ ಈಗ ನಾನು ಹೊಲಿಯುವುದು ಎರಡು ತುಂಡಿನದು. ತಳ ಬೇರೆ, ಮಡಿಕೆ ಬಟ್ಟೆ ಬೇರೆ. ತಳಕ್ಕೆ ಮೇಲೆ ಕಾಟನ್, ಕೆಳಗೆ ಪಿಯುಎಲ್, ರೆಕ್ಕೆಗೆ ಟಿಚ್ ಬಟನ್. ಮುಂದೆ ಹಿಂದೆ ಒಂದೊಂದು ಅಡ್ಡ ಪಟ್ಟಿ ಇರುತ್ತದೆ, ಮಡಚಿದ ಬಟ್ಟೆಯ ತುದಿಯನ್ನು ಅದರೊಳಗೆ ತೂರಿಸಿದರೆ ಎಷ್ಟು ತುಳಿದರೂ ಕದಲುವುದಿಲ್ಲ. ಮಡಿಕೆ ಬಟ್ಟೆಗೆ ಒಂದು ಪದರ ಫ್ಲಾನೆಲ್, ಒಂದು ಪದರ ಟರ್ಕಿ ಟವೆಲ್ ಸೇರಿಸಿ ಸುತ್ತ ಓವರ್‌ಲಾಕ್. ಮೂರಾಗಿ ಮಡಚಿದರೆ ಆರು ಪದರ, ಬಿಡಿಸಿ ಹರವಿದರೆ ಎರಡೇ ಪದರ. ತಣ್ಣೀರಲ್ಲಿ ನೆನೆಸಿ ಒಗೆಯಬೇಕು, ಬಿಸಿನೀರು ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ. ಬಟ್ಟೆ ಮೆದು ಮಾಡುವ ಕಂಡಿಷನರ್ ಹಾಕಿದರೆ ಹೀರುವ ಗುಣ ಹೋಗುತ್ತದೆ. ಮಳೆಗಾಲದಲ್ಲಿ ಮಡಿಕೆ ಬಟ್ಟೆಗೆ ಕೊನೆಗೆ ಬಿಸಿ ಇಸ್ತ್ರಿ ತಾಗಿಸುತ್ತೇನೆ. ತಳಕ್ಕೆ ಇಸ್ತ್ರಿಯನ್ನೂ ಒಲೆಯನ್ನೂ ತೋರಿಸಬೇಡಿ, ಪಿಯುಎಲ್ ಪದರ ಬಿಟ್ಟುಕೊಳ್ಳುತ್ತದೆ.

ಮುಟ್ಟಿನ ಕಪ್, ಅಂದರೆ ದೇಹದೊಳಗೆ ಇಟ್ಟುಕೊಂಡು ರಕ್ತ ಹಿಡಿಯುವ ಪುಟ್ಟ ಬಟ್ಟಲಿನ ಬಗ್ಗೆ ಕೇಳುವವರಿಗೆ: ಸರಿಯಾಗಿ ಕೂತರೆ ಸೋರುವುದಿಲ್ಲ, ಉರಿಯಿಲ್ಲ, ಒಣಗಿಸುವ ಗೋಳಿಲ್ಲ. ಇಷ್ಟೆಲ್ಲ ಇದ್ದೂ ನನಗೆ ಅದು ಒಗ್ಗಲಿಲ್ಲ. ನನ್ನ ನಾದಿನಿ ಅದನ್ನು ಬಿಟ್ಟು ಬೇರೆ ಮುಟ್ಟುವುದಿಲ್ಲ. ಬಸ್ಸಿನಲ್ಲಿ ದೂರ ಹೋಗುವಾಗ ಒದ್ದೆ ಬಟ್ಟೆ ಹೊತ್ತು ತಿರುಗುವುದು ಯಾರಿಂದಾಗುತ್ತದೆ, ಆಗ ನಾನೂ ಅಂಗಡಿಯ ತೆಳು ಜಾಲರಿಯದನ್ನೇ ಒಯ್ಯುತ್ತೇನೆ.

ಹೊಲಿದುಕೊಳ್ಳುವವರಿಗೆ ಅಳತೆ: ತಳದ ಉದ್ದ 10.5 ಇಂಚು, ನಡುವೆ ಬಟನ್ ಹಾಕಿದ ಮೇಲೆ ಅಗಲ 2.5 ಇಂಚು. ರಾತ್ರಿಗಾದರೆ ಉದ್ದ 13 ಇಂಚು, ಮಲಗಿದಾಗ ಹರಿಯುವುದು ಹಿಂದಕ್ಕೆ, ಹಾಗಾಗಿ ಹಿಂಭಾಗದ ಅಗಲ 5 ಇಂಚಾದರೂ ಇರಲಿ. ಮಡಿಕೆ ಬಟ್ಟೆ ಉದ್ದದಲ್ಲಿ ತಳಕ್ಕಿಂತ 1 ಇಂಚು ಕಡಿಮೆ, ಅಗಲ 7.5 ಇಂಚು. ಫ್ಲಾನೆಲನ್ನೂ ಟವೆಲನ್ನೂ ಒಮ್ಮೆ ಒಗೆದು ಒಣಗಿಸಿದ ಮೇಲೆಯೇ ಕತ್ತರಿಸಿ, ಎರಡೂ ಮೊದಲ ನೀರಿಗೆ ಕುಗ್ಗುತ್ತವೆ.