ಇಯರ್‌ಬಡ್ಸಾ, ಬೋನ್ ಕಂಡಕ್ಷನ್ನಾ? ಶಿವಮೊಗ್ಗದಲ್ಲಿ ಓಡಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಬೋನ್ ಕಂಡಕ್ಷನ್ ಹೆಡ್‌ಫೋನಿಗೆ, ಅಂದರೆ ಕಿವಿ ಮುಚ್ಚದೆ ಕೆನ್ನೆಮೂಳೆಯ ಮೂಲಕ ಹಾಡು ಕೇಳಿಸುವಂಥದ್ದಕ್ಕೆ. ಕಿವಿಯೊಳಗೆ ಕೂರುವ ಇಯರ್‌ಬಡ್ಸ್, ಕುತ್ತಿಗೆಗೆ ಹಾಕುವ ನೆಕ್‌ಬ್ಯಾಂಡ್, ಈಗ ಇದು. ಮೂರನ್ನೂ ಸ್ವಂತ ದುಡ್ಡಲ್ಲಿ ತಂದು ಬಳಸಿದ್ದೇನೆ. ಬೆಳಿಗ್ಗೆ ತುಂಗಾ ನಾಲೆ ಏರಿಯ ಮೇಲೆ ಓಟ, ಸಂಜೆ ಬಿಡುವಾದರೆ ಗಾಂಧಿ ಪಾರ್ಕಿನಲ್ಲಿ ನಡಿಗೆ, ರಜೆ ಸಿಕ್ಕರೆ ಕವಲೇದುರ್ಗ ಅಥವಾ ಕುಂದಾದ್ರಿ. ಬ್ಯಾಟರಿ ಎಷ್ಟು ಗಂಟೆ ಬರುತ್ತದೆ, ಬ್ಲೂಟೂತ್ ಯಾವ ವರ್ಷನ್ ಅನ್ನೋದೆಲ್ಲ ಡಬ್ಬದ ಮೇಲೇ ಇರುತ್ತದೆ. ಅದನ್ನು ಬಿಡೋಣ.

ಯಾವುದು ಒಳ್ಳೆಯದು ಅಂತ ಹೇಳಬೇಕಾದರೆ ಹಾಡು ಮೈಗೆ ಏನು ಮಾಡುತ್ತದೆ ಅನ್ನೋದು ಗೊತ್ತಿರಬೇಕು. ಇದು ಹಳೆಯ ವಿಷಯ. ನ್ಯೂಯಾರ್ಕಿನ ಆರು ದಿನದ ಸೈಕಲ್ ರೇಸಿನಲ್ಲಿ ಬ್ಯಾಂಡ್ ನುಡಿಯುವಾಗ ಸವಾರರ ವೇಗ ಹೆಚ್ಚುತ್ತದೆ ಅಂತ ಅಮೆರಿಕದ ಸಂಶೋಧಕ ಲಿಯೊನಾರ್ಡ್ ಏರ್ಸ್ 1911ರಲ್ಲೇ ಬರೆದಿದ್ದರು. 2020ರಲ್ಲಿ ಆಸ್ಟ್ರೇಲಿಯಾದ ಸಂಶೋಧಕ ಪೀಟರ್ ಟೆರ್ರಿ ಮತ್ತು ಜೊತೆಗಾರರು ಅಲ್ಲಿಯವರೆಗಿನ 139 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಹಾಡು ಕೇಳುತ್ತಾ ವ್ಯಾಯಾಮ ಮಾಡಿದರೆ ಮನಸ್ಸು ಹಗುರಾಗುತ್ತದೆ, ಶ್ರಮ ಕಡಿಮೆ ಅನ್ನಿಸುತ್ತದೆ, ಸಾಧನೆ ಸ್ವಲ್ಪ ಹೆಚ್ಚುತ್ತದೆ, ಆಕ್ಸಿಜನ್ ಬಳಕೆಯೂ ಒಂದಿಷ್ಟು ಸುಧಾರಿಸುತ್ತದೆ. ಆದರೆ ಎದೆಬಡಿತದಲ್ಲಿ ಮಾತ್ರ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಆ ಕೊನೆಯ ಮಾತೇ ನನಗೆ ಮುಖ್ಯ. ನನ್ನ ಕೈಯಲ್ಲಿರೋ ವಾಚ್ ಕೂಡ ಅದನ್ನೇ ತೋರಿಸುತ್ತದೆ. ಒಳ್ಳೆ ಬೀಟ್ ಇರುವ ಹಾಡು ಬಂದಾಗ ಕಾಲು ತಾನಾಗಿ ಚುರುಕಾಗುತ್ತದೆ, ಸುಸ್ತೇ ಗೊತ್ತಾಗಲ್ಲ. ವಾಚ್ ನೋಡಿದರೆ ಪಲ್ಸ್ ಏರಿ ಕೂತಿರುತ್ತದೆ. ಹೃದಯ ತನ್ನ ಕೆಲಸ ಪೂರ್ತಿ ಮಾಡುತ್ತಲೇ ಇರುತ್ತದೆ, ಅದು ನಮ್ಮ ಗಮನಕ್ಕೆ ಬರೋದು ಕಡಿಮೆ, ಅಷ್ಟೇ. ಹಾಗಾಗಿ ಹಾಡು ಹಾಕಿಕೊಂಡು ಓಡುವವರಿಗೆ ತಮ್ಮ ಉಸಿರಿನ ಸದ್ದು ಕೇಳಲೇಬೇಕು. ಪಕ್ಕದವರ ಜೊತೆ ಮಾತಾಡಲು ಆಗುತ್ತದೆ, ಹಾಡಲು ಮಾತ್ರ ಆಗಲ್ಲ ಅಂದರೆ ಮಧ್ಯಮ ಶ್ರಮ. ನಾಲ್ಕು ಮಾತಿಗೇ ಏದುಸಿರು ಬಂದರೆ ಜೋರಾಯಿತು ಅಂತ ಅರ್ಥ. ಇಯರ್‌ಬಡ್ಸ್ ತುರುಕಿಕೊಂಡು ವಾಲ್ಯೂಮ್ ಏರಿಸಿದರೆ ಆ ಉಸಿರು ಹಾಡಿನಡಿ ಮುಚ್ಚಿಹೋಗುತ್ತದೆ. ಬೋನ್ ಕಂಡಕ್ಷನ್‌ನಲ್ಲಿ ಹಾಡೂ ಕೇಳುತ್ತದೆ, ಉಸಿರೂ ಕೇಳುತ್ತದೆ.

ಈಗ ಇಯರ್‌ಬಡ್ಸಿನ ದೊಡ್ಡ ತಾಪತ್ರಯಕ್ಕೆ ಬರುತ್ತೇನೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳಲ್ಲ. ಅಲ್ಲಿ ಹಾಕಿ ನೋಡಿದರೂ ತಿಳಿಯಲ್ಲ, ಯಾಕಂದರೆ ಅಂಗಡಿಯಲ್ಲಿ ಯಾರು ಓಡುತ್ತಾರೆ? ಕಿವಿಯಲ್ಲಿ ಬಿಗಿಯಾಗಿ ಕೂರಿಸಿ ಓಟ ಶುರು ಮಾಡಿದ ತಕ್ಷಣ ಪ್ರತಿ ಹೆಜ್ಜೆಗೂ ತಲೆಯೊಳಗೆ ಧಡ್ ಧಡ್ ಅನ್ನುತ್ತದೆ, ಒನಕೆಯಲ್ಲಿ ಭತ್ತ ಕುಟ್ಟಿದ ಹಾಗೆ. ಕಾಲು ನೆಲಕ್ಕೆ ಬಿದ್ದ ಅದುರು ಮೂಳೆಗಳ ಮೂಲಕ ತಲೆಯವರೆಗೂ ಬರುತ್ತದೆ. ಕಿವಿ ತೆರೆದಿದ್ದರೆ ಆ ದಪ್ಪ ಸದ್ದು ಕಿವಿಯ ದಾರಿಯಿಂದ ಹೊರಗೆ ಹೋಗುತ್ತದೆ. ಆ ದಾರಿ ಮುಚ್ಚಿದರೆ ಒಳಗೇ ಸಿಕ್ಕಿಕೊಂಡು ಜೋರಾಗುತ್ತದೆ. ಎರಡೂ ಕಿವಿಗೆ ಬೆರಳಿಟ್ಟುಕೊಂಡು ಮನೆಯೊಳಗೇ ನಾಲ್ಕು ಹೆಜ್ಜೆ ನಡೆದು ನೋಡಿ, ಗೊತ್ತಾಗುತ್ತದೆ.

ಸದ್ದು ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಹಾಡಿನ ತಾಳಕ್ಕೂ ಹೆಜ್ಜೆಗೂ ಹೊಂದಿಕೆಯಾದರೆ ಮೈಗೆ ಇನ್ನಷ್ಟು ಲಾಭ ಆಗಬಹುದು. 2012ರ ಒಂದು ಅಧ್ಯಯನದಲ್ಲಿ, ತಾಳಕ್ಕೆ ಸರಿಯಾಗಿ ಪೆಡಲ್ ತುಳಿದ ಸೈಕಲ್ ಸವಾರರು ಸುಮಾರು ಶೇ 7ರಷ್ಟು ಕಡಿಮೆ ಆಕ್ಸಿಜನ್ನಿನಲ್ಲಿ ಅದೇ ಕೆಲಸ ಮಾಡಿದ್ದರು. ಸಾಮಾನ್ಯವಾಗಿ ವ್ಯಾಯಾಮಕ್ಕೆ ನಿಮಿಷಕ್ಕೆ 120ರಿಂದ 140 ಬೀಟ್ ಇರುವ ಹಾಡು ಚೆನ್ನ ಅನ್ನುತ್ತಾರೆ. ನನ್ನ ಓಟದ ಹೆಜ್ಜೆ ನಿಮಿಷಕ್ಕೆ 160ರ ಮೇಲೆ. ಅಂದರೆ ಇಯರ್‌ಬಡ್ಸಿನಲ್ಲಿ ನನಗೆ ಎರಡು ತಾಳ ಕೇಳುತ್ತದೆ: ಒಂದು ಹಾಡಿನದು, ಒಂದು ನನ್ನ ಹಿಮ್ಮಡಿಯದು. ಎರಡೂ ಹೊಂದಲ್ಲ. ಕಾಲು ಯಾವುದನ್ನು ಕೇಳಬೇಕು? ಸಡಿಲ ಮಾಡಿದರೆ ಧಡ್ ಧಡ್ ಕಡಿಮೆಯಾಗುತ್ತದೆ, ಜೊತೆಗೆ ಬಾಸೂ (ಹಾಡಿನ ದಪ್ಪ ಸದ್ದು) ಹೋಗುತ್ತದೆ, ಆಮೇಲೆ ಬಡ್ಸೇ ಕಳಚಿ ಬೀಳುತ್ತದೆ. ರಬ್ಬರ್ ಟಿಪ್ ಸಣ್ಣದು ದೊಡ್ಡದು ಎಲ್ಲ ಬದಲಿಸಿ ನೋಡಿದೆ. ಹೊರಗಿನ ಸದ್ದು ಒಳಗೆ ಬಿಡುವ ಮೋಡ್ ಹಾಕಿದರೆ ನಾಲೆ ಏರಿಯ ಗಾಳಿ ಮೈಕಿಗೆ ಬಡಿದು ಭರ್ರೋ ಅಂತ ಶಬ್ದ. ಬೋನ್ ಕಂಡಕ್ಷನ್ ಹಾಕಿದ ದಿನ ಈ ರಗಳೆ ಪೂರ್ತಿ ನಿಂತಿತು. ಕಿವಿ ತೆರೆದೇ ಇರುತ್ತದಲ್ಲ.

ಈಗ ಓಟಕ್ಕೆ ಡೊಳ್ಳಿನ ರೆಕಾರ್ಡಿಂಗ್ ಹಾಕಿಕೊಳ್ಳುತ್ತೇನೆ. ಸಿನಿಮಾ ಹಾಡಿನಲ್ಲಿ ಪಲ್ಲವಿ ಮುಗಿದು ಚರಣಕ್ಕೆ ಹೋಗುವಾಗ ಬೀಟ್ ಸಡಿಲವಾಗುತ್ತದೆ, ಡೊಳ್ಳಿನಲ್ಲಿ ಅದಿಲ್ಲ. ನಿಧಾನಕ್ಕೆ ಶುರುವಾಗಿ ಏರುತ್ತಾ ಹೋಗುತ್ತದೆ. ಮೈ ಬಿಸಿ ಮಾಡಿಕೊಂಡು ಓಟಕ್ಕೆ ಇಳಿಯೋದಕ್ಕೆ ಇದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ. ಓಟ ಮುಗಿದ ಮೇಲೆ ನಿಧಾನದ ಹಾಡು ಹಾಕಿಕೊಂಡು ನಡೆದರೆ ಉಸಿರು ಬೇಗ ಹದಕ್ಕೆ ಬರುತ್ತದೆ.

ದಾರಿಯ ವಿಷಯ. ಏರಿಯ ಮೇಲೆ ಇಯರ್‌ಬಡ್ಸ್ ಹಾಕಿ ಓಡುತ್ತಿದ್ದಾಗ ಹಾಲಿನವರೊಬ್ಬರು ಸೈಕಲ್ ನಿಲ್ಲಿಸಿ, "ಏನ್ ಸಾರ್, ಎಷ್ಟು ಸಲ ಬೆಲ್ ಹೊಡೀಬೇಕು?" ಅಂದರು. ಅವರ ಕೋಪ ನ್ಯಾಯವಾದದ್ದು. ಬೀದಿನಾಯಿ ಹಿಂದಿನಿಂದ ಬಂದರೂ, ಸಾಗರ ರಸ್ತೆಯಲ್ಲಿ ಬಸ್ಸು ಮೈಮೇಲೆ ಬರುವಂತೆ ಬಂದರೂ ಮೊದಲು ಗೊತ್ತಾಗಬೇಕಾದದ್ದು ಕಿವಿಗೆ. ಇದೊಂದೇ ಕಾರಣ ಸಾಕು ನನಗೆ.

ಇನ್ನು ಮಳೆಗಾಲ. ಜೂನ್ ಬಂತೆಂದರೆ ನಮ್ಮಲ್ಲಿ ಗೋಡೆಯೂ ಬೆವರುತ್ತದೆ. ಬೆವರಿದ ಕಿವಿಗೆ ರಬ್ಬರ್ ಮುಚ್ಚಳ ಹಾಕಿಟ್ಟರೆ ಮೊದಲು ತುರಿಕೆ, ಆಮೇಲೆ ಫಂಗಸ್. ನನಗೆ ಆಗಿದ್ದೂ ಅದೇ. ಕಿವಿಗೆ ಗಾಳಿ ಆಡಲಿ ಅಂದರು ಡಾಕ್ಟರು.

ಬೋನ್ ಕಂಡಕ್ಷನ್ನಿನ ಕೊರತೆಗಳೂ ಇವೆ. ಕೆನ್ನೆಮೂಳೆ ಅದುರಿಸಿ ಒಳಗಿವಿಗೆ ಸದ್ದು ತಲುಪಿಸುವ ಉಪಾಯ ಇದು, ಹಾಗಾಗಿ ಬಾಸ್ ತೆಳು. ಸಂಗೀತದ ರುಚಿ ನೋಡಬೇಕೆಂದರೆ ಇಯರ್‌ಬಡ್ಸೇ ಮೇಲು. ಬಸ್ ಸ್ಟ್ಯಾಂಡಿನ ಹತ್ತಿರ ಹಾಡು ಕೇಳೋದೇ ಇಲ್ಲ. ತಲೆ ಹಿಂದಿನ ಪಟ್ಟಿ ಜರ್ಕಿನ್ ಟೋಪಿಗೆ ತಾಗಿ ಜರುಗುತ್ತದೆ, ಚಳಿಗಾಲದಲ್ಲಿ ಕುಲಾವಿ ಹಾಕಿದರೂ ಅಷ್ಟೇ. ಈ ಸದ್ದು ಕಿವಿಯ ತಮಟೆಯನ್ನು ಬಿಟ್ಟು ಬೇರೆ ದಾರಿಯಲ್ಲಿ ಹೋಗುತ್ತದೆ, ಎಷ್ಟು ಜೋರಾಗಿಟ್ಟರೂ ತೊಂದರೆ ಇಲ್ಲ ಅಂತ ಕೆಲವರು ಹೇಳುತ್ತಾರೆ. ಅದು ತಪ್ಪು. ಜೋರು ಸದ್ದಿಗೆ ಹಾಳಾಗೋದು ಒಳಗಿವಿಯ ಸೂಕ್ಷ್ಮ ಕೋಶಗಳು, ಸದ್ದು ಯಾವ ದಾರಿಯಿಂದ ಬಂದರೂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ವಾಲ್ಯೂಮ್ ಏರಿಸಿದಷ್ಟೂ ಆ ಗಂಟೆಗಳು ಬೇಗ ಕರಗುತ್ತವೆ.

ನೆಕ್‌ಬ್ಯಾಂಡ್: ನಡಿಗೆಗೆ ಸರಿ, ಓಡಿದರೆ ಕಾಲರ್ ಮೇಲೆ ಕುಣಿಯುತ್ತದೆ. ಫೋನಿನ ಸ್ಪೀಕರ್: ಪಾರ್ಕಿನಲ್ಲಿ ಬೇರೆಯವರಿಗೂ ಬೆಳಗಿನ ಮೌನ ಬೇಕಲ್ವಾ, ದಯವಿಟ್ಟು ಬೇಡ.

ಬೆಟ್ಟ ಹತ್ತುವಾಗ ಮಾತ್ರ ಯಾವುದನ್ನೂ ಹಾಕಲ್ಲ. ಶ್ರಮ ಒಂದು ಮಟ್ಟ ದಾಟಿ ಏದುಸಿರು ಶುರುವಾದ ಮೇಲೆ ಹಾಡು ದಣಿವನ್ನು ಮರೆಸಲಾರದು. ಆಗ ಮೈಯ ಕೂಗೇ ಮೇಲುಗೈ. ಕವಲೇದುರ್ಗದ ಪಾಚಿ ಹಿಡಿದ ಕಲ್ಲಿನ ಮೇಲೆ ಗಮನವೆಲ್ಲ ಕಾಲ ಕೆಳಗೇ ಇರಬೇಕು. ಪೊದೆಯಲ್ಲಿ ಏನಾದರೂ ಸರಿದಾಡಿದರೆ ಅದೂ ಕೇಳಬೇಕು.

ನಾನು ತಂದದ್ದು ಐದು ಸಾವಿರದ ಆಸುಪಾಸಿನದು. ಇದಕ್ಕಿಂತ ದುಬಾರಿಯದರಲ್ಲಿ ಬಾಸ್ ಇನ್ನೂ ಚೆನ್ನಾಗಿರಬಹುದು, ನನ್ನ ಜೇಬಿಗೆ ಇಷ್ಟೇ. ನನ್ನ ಹಾಗೆ ರಸ್ತೆಯಲ್ಲೋ ಏರಿಯಲ್ಲೋ ಓಡುವವರಾದರೆ ಸ್ವಲ್ಪ ದುಡ್ಡು ಕೂಡಿಸಿಯಾದರೂ ಇದನ್ನೇ ತಗೊಳ್ಳಿ. ಬೆವರು, ಮಳೆ ತಡೆಯೋದಾ ಅಂತ ಕೇಳಿಯೇ ದುಡ್ಡು ಕೊಡಿ. ಜಿಮ್ಮಿನಲ್ಲಿ ಸೈಕಲ್ ತುಳಿಯೋರು, ತೂಕ ಎತ್ತೋರಿಗೆ ಎರಡು ಸಾವಿರದೊಳಗಿನ ಇಯರ್‌ಬಡ್ಸ್ ಸಾಕು. ಅಲ್ಲಿ ಧಡ್ ಧಡ್ ಇಲ್ಲ, ಬಸ್ಸಿಲ್ಲ, ನಾಯಿಯೂ ಇಲ್ಲ. ಮುಗಿದ ಮೇಲೆ ಕಿವಿ ಒರೆಸಿಕೊಳ್ಳಿ.