ತಮ್ಮನ ಬೆಟ್ಟಿಂಗ್ ಚಟಕ್ಕೆ ಕೌನ್ಸೆಲಿಂಗ್: ಆರು ತಿಂಗಳು ಓಡಾಡಿದ ಮೇಲೆ ನನ್ನ ಅನಿಸಿಕೆ

ಆರು ತಿಂಗಳಿಂದ ತಮ್ಮನನ್ನು ಕರೆದುಕೊಂಡು ಒಂದು ಕೌನ್ಸೆಲಿಂಗ್ ಸೆಂಟರ್‌ಗೆ ಹೋಗಿಬರುತ್ತಿದ್ದೇನೆ. ಅವನಿಗೆ ಆನ್‌ಲೈನ್ ಬೆಟ್ಟಿಂಗ್ ಚಟ. ಮನೆಯಲ್ಲಿ ಇದೇ ಕಷ್ಟ ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಬೇರೊಂದು ಕಡೆ ಹೋಗಿದ್ದೆವು. ಅಲ್ಲಿ ಕೇಳಿದ್ದು ಎರಡೇ: ಸಾಲ ಎಷ್ಟು, ಆ್ಯಪ್ ಯಾವುದು. ಆ್ಯಪ್ ತೆಗೆಸಿದರು, ಬ್ಯಾಂಕ್ ಕಾರ್ಡ್ ನನ್ನ ಕೈಗೆ ಕೊಡಿಸಿದರು, ಮನಸ್ಸು ಗಟ್ಟಿ ಮಾಡಿಕೋ ಅಂತ ಹೇಳಿ ಕಳಿಸಿದರು. ಮೂರು ವಾರ ಸರಿಯಿದ್ದ. ಆಮೇಲೆ ಕುಡಿತ ಜಾಸ್ತಿ ಆಯಿತು. ಸ್ವಲ್ಪ ದಿನಕ್ಕೆ ಸ್ನೇಹಿತನ ಫೋನ್ ಇಸಕೊಂಡು ಮತ್ತೆ ಬೆಟ್ ಕಟ್ಟಿದ.

ಈ ಸೆಂಟರ್‌ನಲ್ಲಿ ಮೊದಲ ದಿನವೇ ಒಂದೂವರೆ ಗಂಟೆ ಕೂರಿಸಿಕೊಂಡರು. ಕೌನ್ಸೆಲರ್ ಒಂದು ಬಿಳಿ ಹಾಳೆಯ ನಡುವೆ ಗೆರೆ ಎಳೆದು ತಮ್ಮನ ಮುಂದಿಟ್ಟರು. ಎಡಗಡೆ ಬೆಟ್ ಕಟ್ಟಿದ ತಿಂಗಳುಗಳು. ಬಲಗಡೆ ನಿದ್ದೆ, ಮನಸ್ಸು, ಕುಡಿತ. ಬಲಗಡೆ ಅವನು ಬರೆದ ಮೊದಲ ಸಾಲು: "ನಿದ್ದೆ ಇಲ್ಲ, ಯಾರ ಹತ್ತಿರವೂ ಮಾತು ಬೇಡ." ಅದು ಮೊದಲ ಬೆಟ್‌ಗಿಂತ ಎಂಟು ತಿಂಗಳು ಹಿಂದಿನದು! ಪೆನ್ ಕೆಳಗಿಟ್ಟು ಅದನ್ನೇ ನೋಡುತ್ತಾ ಕೂತ. ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಾಗಿರಲಿಲ್ಲ. ಬೆಟ್ಟಿಂಗ್‌ನಿಂದಲೇ ಹಾಳಾದ ಅಂತ ಬೈದುಕೊಂಡೇ ಇದ್ದೆ.

ಹೀಗಾಗೋದು ಅಪರೂಪ ಅಲ್ಲ ಅಂತ ಅಲ್ಲಿಯ ಸೈಕಿಯಾಟ್ರಿಸ್ಟ್ ವಿವರಿಸಿದರು. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯಲ್ಲಿ, ಜೂಜಿನ ಕಾಯಿಲೆ ಇದ್ದವರಲ್ಲಿ ಸುಮಾರು 73% ಜನರಿಗೆ ಯಾವಾಗಲಾದರೂ ಕುಡಿತದ ಸಮಸ್ಯೆ ಇತ್ತು. ಖಿನ್ನತೆಯಂಥ ಕಾಯಿಲೆ ಹತ್ತಿರಹತ್ತಿರ ಅರ್ಧ ಜನರಿಗೆ, ಆತಂಕದ ಕಾಯಿಲೆ 41% ಜನರಿಗೆ. 2008ರ ಇನ್ನೊಂದು ಅಧ್ಯಯನ ಯಾವುದು ಮೊದಲು ಬಂತು ಅಂತಲೂ ನೋಡಿತ್ತು. ಜೊತೆಗೆ ಬೇರೆ ಮಾನಸಿಕ ಕಾಯಿಲೆಯೂ ಇದ್ದವರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಆ ಕಾಯಿಲೆಯೇ ಜೂಜಿಗಿಂತ ಮುಂಚೆ ಶುರುವಾಗಿತ್ತು. ಹಾಳೆಯ ಮೇಲೆ ನಾವು ಕಂಡದ್ದೂ ಅದೇ ಅಲ್ವಾ?

ನನಗೆ ಈ ಸೆಂಟರ್ ಮೇಲೆ ನಂಬಿಕೆ ಬಂದದ್ದು ಅವರು ಕೇಳಿದ ಪ್ರಶ್ನೆಗಳಿಂದ. ನಿದ್ದೆ ಇಲ್ಲದಿದ್ದರೂ ಸುಸ್ತಾಗದೆ, ಏನು ಬೇಕಾದರೂ ಮಾಡಬಲ್ಲೆ ಅನ್ನಿಸಿದ ದಿನಗಳು ಇದ್ದವಾ ಅಂತ ಕೇಳಿದರು. ಬೈಪೋಲಾರ್, ಅಂದರೆ ಮನಸ್ಸು ಕೆಲವು ಕಾಲ ವಿಪರೀತ ಉತ್ಸಾಹಕ್ಕೂ ಕೆಲವು ಕಾಲ ಖಿನ್ನತೆಗೂ ಹೋಗುವ ಕಾಯಿಲೆ, ಇದ್ದರೆ ಔಷಧಿಯ ದಾರಿಯೇ ಬೇರೆಯಂತೆ. ಬೇರೆ ಯಾವ ಮಾತ್ರೆ ನುಂಗುತ್ತಿದ್ದೀರಿ ಅಂತಲೂ ಕೇಳಿದರು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್‌ನಂಥ ಔಷಧಿಗಳಿಂದ ಕೆಲವರಿಗೆ ಜೂಜಿನ ಹುಚ್ಚು ಹತ್ತುತ್ತದೆ ಅಂತ ನನಗೆ ಗೊತ್ತಾದದ್ದೇ ಅವತ್ತು. ಕೊನೆಗೆ, ಸಾಯಬೇಕು ಅನ್ನಿಸಿದೆಯಾ ಅಂತ ನೇರವಾಗಿ ಕೇಳಿದರು. ತಮ್ಮ ನನ್ನ ಮುಖ ನೋಡದೆ, ಹೌದು ಅಂದ. ನಾಲ್ಕು ವರ್ಷದಲ್ಲಿ ಅವನನ್ನು ಹಾಗೆ ಕೇಳಿದವರು ಒಬ್ಬರೂ ಇರಲಿಲ್ಲ.

ಈಗ ಖಿನ್ನತೆಗೆ ಮಾತ್ರೆ, ಜೂಜಿಗೆ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ), ಎರಡೂ ಒಟ್ಟಿಗೆ ನಡೆಯುತ್ತಿವೆ. ಕಳೆದುಕೊಂಡದ್ದನ್ನು ಆಡಿಯೇ ವಾಪಸ್ ತೆಗೆಯಬೇಕು ಅನ್ನುವ ಯೋಚನೆ ಬಂದಾಗ ಏನು ಮಾಡಬೇಕು ಅಂತ ಅಭ್ಯಾಸ ಮಾಡಿಸುತ್ತಾರೆ. ನಾಲ್ಕನೇ ತಿಂಗಳಲ್ಲಿ ಒಮ್ಮೆ ಜಾರಿದ. ಯಾರೂ ಬೈಯಲಿಲ್ಲ. ಆ ವಾರದ ನಿದ್ದೆ ಹೇಗಿತ್ತು ಅಂತ ಕೇಳಿ, ಹಾಳೆಯ ಎರಡೂ ಕಡೆ ಬರೆಸಿದರು.

ಕೊರತೆಗಳೂ ಇವೆ. ಮನೆಯವರಿಗೆ ಕೊಡುವ ಸಮಯ ಹತ್ತೇ ನಿಮಿಷ, ಅದು ಸಾಲದು. ನನಗೂ ರಾತ್ರಿ ನಿದ್ದೆ ಇರಲಿಲ್ಲ, ಅದನ್ನು ಹೇಳಿಕೊಳ್ಳಲು ಜಾಗ ಸಿಗಲಿಲ್ಲ. ಸಂಜೆ ಆರಕ್ಕೆ ಬಾಗಿಲು ಹಾಕುತ್ತಾರೆ. ತಮ್ಮನ ಕೈ ಫೋನ್ ಕಡೆ ಹೋಗುವುದು ರಾತ್ರಿ ಎರಡಕ್ಕೆ. ಆ ಹೊತ್ತಿಗೆ ಒಂದು ಸಹಾಯವಾಣಿಯನ್ನಾದರೂ ಇಡಬೇಕು. ಮಧ್ಯದಲ್ಲಿ ಕೌನ್ಸೆಲರ್ ಬದಲಾದರು, ಎಲ್ಲ ಕತೆ ಮೊದಲಿನಿಂದ ಹೇಳಬೇಕಾಯಿತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಇಂಥ ಯಾವ ಸೆಂಟರ್‌ಗೆ ಹೋದರೂ ನುಂಗುತ್ತಿರುವ ಮಾತ್ರೆಗಳ ಚೀಟಿಗಳನ್ನೆಲ್ಲ ತೆಗೆದುಕೊಂಡು ಹೋಗಿ. ನಿದ್ದೆ ಯಾವಾಗಿನಿಂದ ಕೆಟ್ಟಿದೆ ಅಂತ ಮನೆಯಲ್ಲೇ ಬರೆದಿಟ್ಟುಕೊಳ್ಳಿ. ಅವರಾಗಿ ಕೇಳದಿದ್ದರೆ ನೀವೇ ಮೇಜಿನ ಮೇಲಿಡಿ.